ಕಲ್ಲು ಕಂಬಗಳ ದ್ವೀಪ

ನಮ್ಮ ಮೊರಬದ ಸುತ್ತ ಎತ್ತ ನೋಡಿದರೂ ಎರಿ ಹೊಲ. ಸಮುದ್ರ ಬಹಳ ದೂರ. ವರ್ಷವೆಲ್ಲ ದುಡಿಯುವ ನಾವು ಸುಗ್ಗಿ ಮುಗಿದ ಮೇಲೆ ಮಕ್ಕಳು ಮರಿ ಕರಕೊಂಡು ಹೊರಗೆ ಹೋಗಿ ಬರಬೇಕು. ಎಲ್ಲಿಗೆ ಹೋಗೂಣು? ಉಡುಪಿ ಕೃಷ್ಣನ ದರ್ಶನಕ್ಕೆ ಹೋದರೆ ಹತ್ತಿರದ ದ್ವೀಪವನ್ನೂ ನೋಡಿ ಬರೂಣು.

ದ್ವೀಪ ಎಂದರೆ ಸುತ್ತ ನೀರು, ನಡುವೆ ನೆಲ. ಉಡುಪಿಯಿಂದ ಮಲ್ಪೆಗೆ ಬಸ್ಸಿದೆ. ಮಲ್ಪೆ ಮೀನುಗಾರರ ಬಂದರು. ಅಲ್ಲಿಂದ ದೋಣಿಯಲ್ಲಿ ಹೋದರೆ ಸೇಂಟ್ ಮೇರಿ ದ್ವೀಪ ಸಿಗುತ್ತದೆ. 1498ರಲ್ಲಿ ಪೋರ್ಚುಗಲ್ ದೇಶದ ವಾಸ್ಕೋ ಡ ಗಾಮ ಈ ಹೆಸರು ಇಟ್ಟ ಎನ್ನುತ್ತಾರೆ. ಇಲ್ಲಿ ಯಾರೂ ವಾಸವಾಗಿಲ್ಲ. ತೆಂಗಿನ ಮರಗಳಿವೆ. ದಂಡೆಯ ತುಂಬ ಚಿಪ್ಪುಗಳಿವೆ.

ನೋಡಬೇಕಾದದ್ದು ಇಲ್ಲಿಯ ಕಲ್ಲು. ಕಡೆದು ನಿಲ್ಲಿಸಿದ ಹಾಗೆ ಸಾಲು ಸಾಲು ಕಂಬ. ಕೆಲವಕ್ಕೆ ಐದು ಮೂಲೆ, ಕೆಲವಕ್ಕೆ ಆರು.

"ಯವ್ವಾ, ಇವನ್ನ ಯಾರು ಕಡದಾರ?" ಎಂದು ಮಕ್ಕಳು ಕೇಳುತ್ತಾರೆ.

ಯಾರೂ ಕಡೆದಿಲ್ಲ. ಸುಮಾರು 9 ಕೋಟಿ ವರ್ಷಗಳ ಹಿಂದಿನ ಮಾತು. ಆಗ ಮಡಗಾಸ್ಕರ್ ಎಂಬ ನಾಡು ನಮ್ಮ ನಾಡಿನಿಂದ ಬೇರೆಯಾಗುತ್ತಿತ್ತು. ಭೂಮಿಯೊಳಗಿನ ಕಲ್ಲು ಕರಗಿ ಮೇಲೆ ಉಕ್ಕಿತು. ಆರುತ್ತ ಕುಗ್ಗಿತು. ಕುಗ್ಗುತ್ತ ಬಿರುಕು ಬಿಟ್ಟಿತು. ಬ್ಯಾಸಗಿಯಲ್ಲಿ ನಮ್ಮ ಎರಿ ಹೊಲ ಬಿರಿಯೂದಿಲ್ಲೇನು? ಇದೂ ಹಂಗ. ಹೊಲ ನೀರು ಆರಿ ಬಿರಿಯುತ್ತದೆ. ಈ ಕಲ್ಲು ಕಾವು ಆರಿ ಬಿರಿಯಿತು. ಇದು ರಾಷ್ಟ್ರೀಯ ಸ್ಮಾರಕ. ಕಲ್ಲು ಒಡೆಯಬಾರದು. ಹೆಸರು ಕೊರೆಯಬಾರದು.

ಬೆಣ್ಣಿಹಳ್ಳ ತುಂಬಿ ಬಂದಾಗ ನಾವು ಇಳಿಯುತ್ತೇವೇನು? ಇಲ್ಲ. ಸಮುದ್ರ ಅದಕ್ಕಿಂತ ದೊಡ್ಡದು. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ. ದ್ವೀಪದ ಸುತ್ತ ನೀರಿನೊಳಗೆ ಕಲ್ಲುಗಳಿವೆ. ಅವು ಜಾರುತ್ತವೆ. ಈಜಲು ಹೋಗಿ ಜೀವ ಕಳಕೊಂಡವರಿದ್ದಾರೆ. ಅದಕ್ಕೆ ಈ ಮಾತು ನೆನಪಿಡೋಣ:

1. ದೋಣಿ ಹತ್ತುವ ಮೊದಲು ಜೀವರಕ್ಷಕ ಅಂಗಿ ತೊಡಬೇಕು. ಮಕ್ಕಳಿಗೂ ತೊಡಿಸಬೇಕು.
2. ಕುಡಿಯುವ ನೀರು ಒಯ್ಯಬೇಕು.
3. ಮಕ್ಕಳ ಕೈ ಬಿಡಬಾರದು.
4. ಕಸ ವಾಪಸ್ ತರಬೇಕು.
5. ಕೊನೆಯ ದೋಣಿ ಎಷ್ಟು ಗಂಟೆಗೆ ಎಂದು ಕೇಳಿಕೊಳ್ಳಬೇಕು.

ದಂಡೆಯಲ್ಲಿ "ಅಪಾಯ, ನೀರಿಗೆ ಇಳಿಯಬೇಡಿ" ಎಂಬ ಫಲಕ ಕಂಡರೆ ನಿಂತು ಓದೋಣ. ಓದು ಬಾರದವರಿಗೂ ಓದಿ ಹೇಳೋಣ. ನಾವು ಕಲಿತ ನಾಲ್ಕು ಅಕ್ಷರ ಒಂದು ಜೀವ ಉಳಿಸಬಹುದು.

ಅಭ್ಯಾಸ

1. ದ್ವೀಪ ಎಂದರೇನು?
2. ಕಲ್ಲು ಯಾಕೆ ಬಿರುಕು ಬಿಟ್ಟಿತು?
3. ಓದಿ ಬರೆಯಿರಿ: ದ್ವೀಪ, ಬಂದರು, ಫಲಕ, ಅಪಾಯ.