ಎರಡು ಹನಿ ಲಸಿಕೆಯ ಹಿಂದಿನ ಲೆಕ್ಕಪತ್ರ

ವಿಶಾಖಪಟ್ಟಣದಲ್ಲಾಗಲಿ ವಿಜಯವಾಡದಲ್ಲಾಗಲಿ ನೆಲೆಸಿರುವ ಕನ್ನಡಿಗರಿಗೆ ರೋಟರಿಯ ಹಲ್ಲುಚಕ್ರದ ಗುರುತು ಅಪರಿಚಿತವಲ್ಲ. ಆದರೆ ಆ ಚಕ್ರವು ಯಾವ ಯಂತ್ರಕ್ಕೆ ಸೇರಿದುದು, ಅದನ್ನು ತಿರುಗಿಸುವ ಹಣ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ವಿಚಾರಿಸಿದವರು ವಿರಳ. ಉಳ್ಳವರು ವಾರಕ್ಕೊಮ್ಮೆ ಕೂಡಿ ಊಟಮಾಡಿ ಭಾಷಣ ಕೇಳುವ ಕೂಟವಿದು ಎಂಬ ಟೀಕೆ ಹಳೆಯದು. ಅದರಲ್ಲಿ ಸತ್ಯಾಂಶವೇ ಇಲ್ಲವೆನ್ನಲಾಗದು. ಬ್ಯಾಂಕಿನ ಕೆಲಸದಲ್ಲಿ ಕೂದಲು ನರೆಯುತ್ತಿರುವ ನನಗಂತೂ ಯಾವ ಸಂಸ್ಥೆಯನ್ನಾದರೂ ಅದರ ಜಮಾಖರ್ಚಿನ ಕಡೆಯಿಂದ ನೋಡುವ ಅಭ್ಯಾಸ. ಹಾಗೆ ನೋಡಿದಾಗ ಕಂಡುಬರುವ ಸಂಗತಿಗಳು ಮನೆಯಲ್ಲಿ ಎಳೆಮಕ್ಕಳಿರುವ ಎಲ್ಲರಿಗೂ ಸಂಬಂಧಿಸಿದವು.

1905ರ ಫೆಬ್ರವರಿ 23ರಂದು ಷಿಕಾಗೋ ನಗರದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಮಿತ್ರರೊಡನೆ ಆರಂಭಿಸಿದ ಈ ಸಂಸ್ಥೆ 1920ರಲ್ಲಿ ಕಲ್ಕತ್ತೆಯ ಮೂಲಕ ಭಾರತಕ್ಕೆ ಬಂದಿತು. ನಮ್ಮ ಬೆಂಗಳೂರಿನ ಕ್ಲಬ್ಬು 1934ರದು. ವಿಶಾಖಪಟ್ಟಣ ಹಾಗೂ ವಿಜಯವಾಡಗಳ ಕ್ಲಬ್ಬುಗಳು ಇಂದು ರೋಟರಿಯ 3020ನೆಯ ಜಿಲ್ಲೆಗೆ ಸೇರಿವೆ. (ಈ 'ಜಿಲ್ಲೆ'ಗೂ ಕಲೆಕ್ಟರರ ಜಿಲ್ಲೆಗೂ ಸಂಬಂಧವಿಲ್ಲ.) ಸಂಸ್ಥೆಯ ಧರ್ಮನಿಧಿಯ ಕಲ್ಪನೆಯನ್ನು 1917ರಲ್ಲಿ ಆರ್ಚ್ ಕ್ಲಂಫ್ ಎಂಬವರು ಮುಂದಿಟ್ಟರು. ಆ ನಿಧಿಗೆ ಬಂದ ಮೊದಲ ದೇಣಿಗೆ ಕೇವಲ 26 ಡಾಲರ್ 50 ಸೆಂಟ್.

ಈ ನಿಧಿಯ ವ್ಯವಹಾರಕ್ರಮ ಕುತೂಹಲಕರವಾದುದು. ಸದಸ್ಯರು ವಾರ್ಷಿಕ ನಿಧಿಗೆ ಈ ವರ್ಷ ಕೊಟ್ಟ ಹಣವನ್ನು ಕೂಡಲೇ ಖರ್ಚು ಮಾಡುವುದಿಲ್ಲ. ಮೂರು ವರ್ಷಗಳ ಕಾಲ ಅದನ್ನು ಹೂಡಿಕೆಯಲ್ಲಿಡುತ್ತಾರೆ. ಆಡಳಿತವೆಚ್ಚಕ್ಕೆ ಅದರ ಆದಾಯ ಒದಗುತ್ತದೆ. ನಮ್ಮ ಮುದ್ದತು ಠೇವಣಿಯ ತತ್ತ್ವವೇ ಇದು. ಮೂರು ವರ್ಷಗಳ ನಂತರ ಸರಿಸುಮಾರು ಅರ್ಧಭಾಗ ಹಣವು ಕೊಟ್ಟ ಜಿಲ್ಲೆಯ ಹೆಸರಿಗೇ ಹಿಂದಿರುಗುತ್ತದೆ, ಉಳಿದುದು ವಿಶ್ವನಿಧಿಗೆ ಸೇರುತ್ತದೆ. ಇನ್ನು ದೊಡ್ಡ ಯೋಜನೆಯೊಂದಕ್ಕೆ ಅನುದಾನ ಬೇಕಾದರೆ ಇಬ್ಬರು ಪಾಲುದಾರರಿರಬೇಕು: ಕೆಲಸ ನಡೆಯುವ ಊರಿನ ಕ್ಲಬ್ಬು ಒಂದು, ಪರದೇಶದ ಕ್ಲಬ್ಬು ಇನ್ನೊಂದು. ವಿಜಯವಾಡದ ಕ್ಲಬ್ಬೊಂದು ಸರಕಾರಿ ಆಸ್ಪತ್ರೆಗೆ ಡಯಾಲಿಸಿಸ್ ಯಂತ್ರಗಳನ್ನು ಕೊಡಿಸಬಯಸಿತೆಂದು ಇಟ್ಟುಕೊಳ್ಳೋಣ. ಇಲ್ಲಿಯ ಜಿಲ್ಲೆಯಿಂದ ಹತ್ತು ಸಾವಿರ, ಪರದೇಶದ ಜಿಲ್ಲೆಯಿಂದ ಹತ್ತು ಸಾವಿರ ಡಾಲರ್ ಬಂದರೆ, 2021ರ ಜುಲೈಯಿಂದ ಜಾರಿಯಲ್ಲಿರುವ ಶೇಕಡಾ 80ರ ನಿಯಮದಂತೆ ವಿಶ್ವನಿಧಿಯು ಅದಕ್ಕೆ ಹದಿನಾರು ಸಾವಿರ ಸೇರಿಸುತ್ತದೆ. ಒಟ್ಟು ಮೂವತ್ತಾರು ಸಾವಿರ. ಮೂವತ್ತು ಸಾವಿರ ಡಾಲರಿಗಿಂತ ಚಿಕ್ಕದಾದ ಯೋಜನೆಯನ್ನು ಈ ಬಗೆಯ ಅನುದಾನಕ್ಕೆ ಪರಿಗಣಿಸುವುದೇ ಇಲ್ಲ.

ಹಣ ಬಿಡುಗಡೆಯಾಗುವ ಮುನ್ನ ಸ್ಥಳೀಯ ಅಗತ್ಯವೇನೆಂಬ ಸಮೀಕ್ಷೆ ನಡೆದಿರಬೇಕು. ಯೋಜನೆಗೆಂದೇ ಪ್ರತ್ಯೇಕ ಬ್ಯಾಂಕ್ ಖಾತೆ ಇರಬೇಕು, ಅದಕ್ಕೆ ಇಬ್ಬರು ಸದಸ್ಯರ ರುಜು ಬೇಕು, ವರ್ಷವರ್ಷವೂ ವರದಿ ಒಪ್ಪಿಸಬೇಕು. ಇದಲ್ಲದೆ ನಮ್ಮ ದೇಶದ ಕಾನೂನು ಬೇರೆ ಇದೆ: ವಿದೇಶೀ ದೇಣಿಗೆಯ ಮೇಲಿನ 1976ರ ಕಾಯಿದೆಯು 2010ರಲ್ಲಿ ಹೊಸ ರೂಪ ತಾಳಿ, 2020ರ ತಿದ್ದುಪಡಿಯ ನಂತರ, ಅಂಥ ಹಣವೆಲ್ಲವೂ ಮೊದಲು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕೆಂದು ವಿಧಿಸಿದೆ. ಈ ಕಟ್ಟುಪಾಡುಗಳಿಗಾಗಿ ಗೊಣಗುವ ಕಾರ್ಯದರ್ಶಿಗಳುಂಟು. ನನಗೆ ಅವು ಅತಿಯೆನಿಸಿಲ್ಲ. ಯಂತ್ರ ತರುವುದು ಸುಲಭ. ಮೂರನೆಯ ವರ್ಷ ಅದರ ಶೋಧಕ ಕೆಟ್ಟಾಗ ಹೊಸದಕ್ಕೆ ಹಣ ಕೊಡುವವರು ಯಾರು, ನಡೆಸುವ ತಂತ್ರಜ್ಞನಿಗೆ ಸಂಬಳ ಯಾರದು ಎಂಬ ಪ್ರಶ್ನೆಗಳಿಗೆ ಉದ್ಘಾಟನೆಯ ದಿನ ಯಾರೂ ಉತ್ತರಿಸುವುದಿಲ್ಲ. ಸ್ಥಳೀಯರ ಹೊಣೆಯಿಲ್ಲದ ಪರದೇಶದ ಹಣ ಬಹುಬೇಗ ತುಕ್ಕುಹಿಡಿಯುತ್ತದೆ.

ಈ ಮಾತಿನ ಅತ್ಯಂತ ದೊಡ್ಡ ನಿದರ್ಶನ ಪೋಲಿಯೋ. ಮಲದಿಂದ ಕಲುಷಿತವಾದ ನೀರು, ಆಹಾರ, ಕೈಗಳ ಮೂಲಕ ಬಾಯಿಗೆ ಸೇರುವ ಈ ವೈರಾಣು ಕರುಳಿನಲ್ಲಿ ವೃದ್ಧಿಯಾಗುತ್ತದೆ. ಸೋಂಕು ತಗುಲಿದವರಲ್ಲಿ ಹೆಚ್ಚಿನವರಿಗೆ ಜ್ವರಕ್ಕಿಂತ ಹೆಚ್ಚೇನೂ ಆಗದು. ಸುಮಾರು ಇನ್ನೂರರಲ್ಲಿ ಒಬ್ಬರಿಗೆ ಶಾಶ್ವತವಾದ ಪಾರ್ಶ್ವವಾಯು. ಒಂದು ಮಗುವಿನ ಕಾಲು ಸೋತಿತೆಂದರೆ ಆ ಬಡಾವಣೆಯಲ್ಲಿ ಕಣ್ಣಿಗೆ ಕಾಣದ ನೂರಾರು ಸೋಂಕುಗಳಿವೆಯೆಂದೇ ಅರ್ಥ. ಆದ್ದರಿಂದ ಒಂದೊಂದೇ ಮಗುವಿಗೆ ಚಿಕಿತ್ಸೆ ಮಾಡಿ ಈ ರೋಗವನ್ನು ಗೆಲ್ಲಲಾಗದು. ಊರಿನ ಎಲ್ಲ ಮಕ್ಕಳಿಗೂ ಒಂದೇ ಕಾಲಕ್ಕೆ ಲಸಿಕೆ ಹಾಕಬೇಕು. ನಮ್ಮ ನೆರೆಯ ವೆಲ್ಲೂರಿನಲ್ಲಿ ಡಾ. ಟಿ. ಜೇಕಬ್ ಜಾನ್ ಅವರು ಅಲ್ಲಿಯ ರೋಟರಿ ಕ್ಲಬ್ಬಿನ ನೆರವು ಪಡೆದು 1980ರ ದಶಕದ ಮೊದಲಲ್ಲೇ ಈ ಮಾರ್ಗವನ್ನು ತೋರಿಸಿದ್ದರು.

ರೋಟರಿಯು 1979ರಲ್ಲಿ ಫಿಲಿಪ್ಪೀನ್ಸ್‌ನ ಅರುವತ್ತು ಲಕ್ಷ ಮಕ್ಕಳಿಗೆ ಲಸಿಕೆ ಒದಗಿಸುವ ಕಾರ್ಯವನ್ನು ಕೈಗೊಂಡು, 1985ರಲ್ಲಿ 'ಪೋಲಿಯೋ ಪ್ಲಸ್' ಎಂಬ ಜಾಗತಿಕ ಯೋಜನೆಯನ್ನು ಸಾರಿತು. ಹನ್ನೆರಡು ಕೋಟಿ ಡಾಲರ್ ಕೂಡಿಸುವ ಗುರಿಯಿತ್ತು. 1988ರ ಹೊತ್ತಿಗೆ ಕೂಡಿದ್ದು 24.7 ಕೋಟಿ. ಅದೇ ವರ್ಷ ವಿಶ್ವ ಆರೋಗ್ಯ ಸಭೆಯು ಪೋಲಿಯೋ ನಿರ್ಮೂಲನದ ಠರಾವು ಮಾಡಿತು. ಆಗ 125 ದೇಶಗಳಲ್ಲಿ ವರ್ಷಕ್ಕೆ ಸುಮಾರು ಮೂರೂವರೆ ಲಕ್ಷ ಮಕ್ಕಳು ಈ ರೋಗಕ್ಕೆ ತುತ್ತಾಗುತ್ತಿದ್ದರು.

ಭಾರತದ ಪಲ್ಸ್ ಪೋಲಿಯೋ ಕಾರ್ಯಕ್ರಮ ಆರಂಭವಾದದ್ದು 1995ರ ಡಿಸೆಂಬರಿನಲ್ಲಿ. ಲಸಿಕೆಯೂ ಸಿಬ್ಬಂದಿಯೂ ಬಹುಪಾಲು ಸರಕಾರದವು. ಇಂಥ ಕ್ಲಬ್ಬುಗಳ ಪಾಲಿಗೆ ಬಂದದ್ದು ಬೂತಿಗೆ ಮೇಜು ಕುರ್ಚಿ ಒದಗಿಸುವುದು, ಹಿಂದಿನ ದಿನ ಧ್ವನಿವರ್ಧಕದಲ್ಲಿ ಸಾರುವುದು, ಅಪನಂಬಿಕೆಯಿಂದ ಬಾಗಿಲು ಮುಚ್ಚಿಕೊಂಡ ಮನೆಗಳಿಗೆ ಹೋಗಿ ಮಾತನಾಡುವುದು ಮುಂತಾದ ಸಣ್ಣ ಕೆಲಸಗಳು. ಲಸಿಕೆ ಪಡೆದ ಮಗುವಿನ ಎಡಗೈ ಕಿರುಬೆರಳಿಗೆ ಶಾಯಿ. ಎಲ್ಲ ಮಕ್ಕಳಿಗೂ ಹನಿ ಬಿದ್ದ ಮನೆಯ ಗೋಡೆಗೆ 'ಪಿ' ಎಂಬ ಗುರುತು, ಬೀಗ ಹಾಕಿದ್ದ ಅಥವಾ ಮಗು ತಪ್ಪಿಹೋದ ಮನೆಗೆ 'ಎಕ್ಸ್' ಗುರುತು. ಲೆಕ್ಕಪರಿಶೋಧಕರು ತಾಳೆಯಾಗದ ನಮೂದಿಗೆ ಗುರುತು ಹಾಕಿ ಮತ್ತೆ ಬರುವಂತೆಯೇ, 'ಎಕ್ಸ್' ಮನೆಗಳಿಗೆ ತಂಡವು ಮತ್ತೆ ಬರುತ್ತಿತ್ತು. ಇಡೀ ಯಶಸ್ಸು ಈ ಎರಡನೆಯ ಭೇಟಿಯ ಮೇಲೆ ನಿಂತಿತ್ತೆಂದು ನನ್ನ ಅಭಿಪ್ರಾಯ.

ಆದರೆ ಗೋಡೆಯೇ ಇಲ್ಲದವರಿಗೆ ಗುರುತು ಹಾಕುವುದೆಲ್ಲಿ? ಇಟ್ಟಿಗೆಗೂಡಿನ ಕೆಲಸಗಾರರು, ಕಟ್ಟಡ ಕೂಲಿಗಳು, ಊರಿಂದೂರಿಗೆ ಅಲೆಯುವವರು, ಇವರ ಮಕ್ಕಳೇ ಸುತ್ತುಸುತ್ತಿಗೂ ತಪ್ಪಿಹೋಗುತ್ತಿದ್ದರು. ಅದಕ್ಕಾಗಿ ಬಸ್ ನಿಲ್ದಾಣಗಳಲ್ಲಿ, ರೈಲು ನಿಲ್ದಾಣಗಳಲ್ಲಿ ಸಂಚಾರಿ ತಂಡಗಳನ್ನು ನಿಲ್ಲಿಸಲಾಯಿತು. ಉತ್ತರದ ಹಾಗೂ ದಕ್ಷಿಣದ ಗಾಡಿಗಳು ಸಂಧಿಸುವ ವಿಜಯವಾಡದಂತಹ ಜಂಕ್ಷನ್ನಿನಲ್ಲಿ ಈ ಏರ್ಪಾಡಿನ ಮಹತ್ತ್ವ ಎಷ್ಟೆಂಬುದನ್ನು ಹೇಳಬೇಕಾಗಿಲ್ಲ. 2009ರಲ್ಲಿ ದೇಶದಲ್ಲಿ 741 ಪ್ರಕರಣಗಳಿದ್ದವು, 2010ರಲ್ಲಿ 42, 2011ರ ಜನವರಿ 13ರಂದು ಹೌರಾದಲ್ಲಿ ಕಂಡುಬಂದದ್ದೇ ಕಾಡು ವೈರಾಣುವಿನ ಕೊನೆಯ ಪ್ರಕರಣ. 2014ರ ಮಾರ್ಚ್ 27ರಂದು ಭಾರತವನ್ನೊಳಗೊಂಡ ಆಗ್ನೇಯ ಏಷ್ಯಾ ವಲಯವು ಪೋಲಿಯೋಮುಕ್ತವೆಂದು ದೃಢೀಕರಿಸಲ್ಪಟ್ಟಿತು.

ಹಾಗಿದ್ದರೆ ಇನ್ನೂ ಹನಿ ಹಾಕಿಸುವುದೇಕೆಂದು ನಮ್ಮ ಸಂಘದ ಯುವ ದಂಪತಿಗಳು ಕೇಳುವುದುಂಟು. ಪಾಕಿಸ್ತಾನ, ಅಫ್ಘಾನಿಸ್ತಾನಗಳಲ್ಲಿ ಕಾಡು ವೈರಾಣು ಇನ್ನೂ ಉಳಿದಿದೆ. ಜೊತೆಗೆ ಬಾಯಿಯ ಲಸಿಕೆಯಲ್ಲಿರುವ ದುರ್ಬಲಗೊಳಿಸಿದ ವೈರಾಣು, ಲಸಿಕೆ ಪಡೆಯದವರು ಬಹಳ ಮಂದಿ ಇರುವ ಕಡೆ, ಒಬ್ಬರಿಂದೊಬ್ಬರಿಗೆ ದಾಟುತ್ತ ಬಹುಕಾಲಾನಂತರ ಮತ್ತೆ ಬಲಗೊಳ್ಳಬಲ್ಲದು. 2016ರ ಜೂನಿನಲ್ಲಿ ಹೈದರಾಬಾದಿನ ಚರಂಡಿ ನೀರಿನ ಮಾದರಿಯೊಂದರಲ್ಲಿ ಇಂಥ ಲಸಿಕಾಜನ್ಯ ವೈರಾಣು ಕಂಡುಬಂದು, ಸುಮಾರು ಮೂರು ಲಕ್ಷ ಮಕ್ಕಳಿಗೆ ತರಾತುರಿಯಿಂದ ಚುಚ್ಚುಮದ್ದು ಕೊಡಬೇಕಾಯಿತು. 2022ರಲ್ಲಿ ಐಶ್ವರ್ಯದ ನೆಲೆಯಾದ ನ್ಯೂಯಾರ್ಕ್ ರಾಜ್ಯದಲ್ಲಿಯೇ ಲಸಿಕೆ ಪಡೆಯದ ತರುಣನೊಬ್ಬ ಪಾರ್ಶ್ವವಾಯುವಿಗೆ ಗುರಿಯಾದನು. ಲಸಿಕೆ ಪಡೆದವರು ಹೆಚ್ಚಿದಷ್ಟೂ ಈ ಭಯ ಕಡಿಮೆ.

ವರ್ಗಾವಣೆಯ ಮೇಲೆ ಬಂದ ನಾವು ಇಟ್ಟಿಗೆಗೂಡಿನವರಂತಲ್ಲವೆಂದು ಭಾವಿಸುತ್ತೇವೆ. ಲಸಿಕೆಯ ಪಟ್ಟಿಯ ದೃಷ್ಟಿಯಿಂದ ಈ ಭೇದ ಅಷ್ಟೇನೂ ದೊಡ್ಡದಲ್ಲ. ನಮ್ಮ ಹೆಣ್ಣುಮಕ್ಕಳು ಚೊಚ್ಚಲ ಹೆರಿಗೆಗೆ ತವರಿಗೆ, ಧಾರವಾಡಕ್ಕೋ ಉಡುಪಿಗೋ ಶಿವಮೊಗ್ಗಕ್ಕೋ ಹೋಗುತ್ತಾರೆ. ಹುಟ್ಟಿದಾಗಿನ ಹನಿಯೂ ಆರನೆಯ, ಹತ್ತನೆಯ ವಾರದ ಹನಿಗಳೂ ಅಲ್ಲಿಯೇ ಬೀಳುತ್ತವೆ. ಆರನೆಯ ವಾರ ತೋಳಿಗೆ ಕೊಡುವ ಕಿರುಪ್ರಮಾಣದ ಚುಚ್ಚುಮದ್ದೂ ಅಲ್ಲಿಯದೇ. ಮುಂದಿನ ಹನಿ ಮತ್ತು ಎರಡನೆಯ ಚುಚ್ಚುಮದ್ದು ಹದಿನಾಲ್ಕನೆಯ ವಾರಕ್ಕೆ, ಎಂದರೆ ಮೂರು ತಿಂಗಳು ತುಂಬಿದ ಸ್ವಲ್ಪ ದಿನಕ್ಕೆ. ಬಾಣಂತಿ ಮಗುವಿನೊಡನೆ ಮರಳುವ ಶುಭದಿನ ಗೊತ್ತಾಗುವುದೂ ಬಹುಮಟ್ಟಿಗೆ ಆ ಸುಮಾರಿಗೇ. ತವರಿನ ಆರೋಗ್ಯ ಕಾರ್ಯಕರ್ತೆ ಮಗು ಆಂಧ್ರಕ್ಕೆ ಹೋಯಿತೆಂದು ಹೆಸರು ಹೊಡೆಯುತ್ತಾಳೆ, ಇಲ್ಲಿಯವಳ ಪಟ್ಟಿಯಲ್ಲಿ ಆ ಹೆಸರು ಇನ್ನೂ ಏರಿರುವುದಿಲ್ಲ. ಒಂದು ಶಾಖೆಯಲ್ಲಿ ಖರ್ಚು ಬಿದ್ದು ಇನ್ನೊಂದರಲ್ಲಿ ಜಮೆಯಾಗದ ಮೊಬಲಗಿನಂತೆ ಮಗು ನಡುವೆ ಉಳಿಯುತ್ತದೆ.

ಆದುದರಿಂದ ಲಸಿಕಾ ಕಾರ್ಡನ್ನು ಪೆಟ್ಟಿಗೆಯ ತಳದಲ್ಲಿ ಹಾಕದೆ ಕೈಚೀಲದಲ್ಲಿ ತರುವುದು ಒಳ್ಳೆಯದು. ಬಂದ ವಾರದಲ್ಲೇ ಸಮೀಪದ ನಗರ ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಸಬೇಕು. ತೆಲುಗಿನಲ್ಲಿ ಹನಿಗೆ 'ಚುಕ್ಕ' ಎನ್ನುತ್ತಾರೆ. 'ಪೋಲಿಯೋ ಚುಕ್ಕಲು' ಎಂದು ಸಾರುತ್ತ ಗಾಡಿ ಬಂದರೆ ಇದೇನು ಚುಕ್ಕೆ ಇಡುವ ಕಾರ್ಯಕ್ರಮವೋ ಎಂದು ಹೊಸ ಸೊಸೆ ಒಳಗೇ ಕುಳಿತುಬಿಡಬಾರದು. ಒಂದು ಸುತ್ತು ತಪ್ಪಿಹೋಗಿದ್ದರೆ ಮೊದಲಿನಿಂದ ಪ್ರಾರಂಭಿಸಬೇಕಾಗಿಲ್ಲ, ಬಿಟ್ಟಲ್ಲಿಂದ ಮುಂದುವರಿಸಿದರೆ ಸಾಕು. ಬಾಯಿಯ ಹನಿಯನ್ನು ಐದು ವರ್ಷ ತುಂಬುವವರೆಗೂ ಕೊಡುತ್ತಾರೆ. ಸೀಸೆಯ ಮೇಲೆ ವೃತ್ತದೊಳಗೊಂದು ಚೌಕವಿರುತ್ತದೆ. ಒಳಗಿನ ಚೌಕವು ಹೊರಗಿನ ವೃತ್ತಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಶೈತ್ಯ ಕೆಡದೆ ಬಂದಿದೆಯೆಂದು ತಿಳಿಯಬೇಕು. ಎರಡೂ ಒಂದೇ ಬಣ್ಣವಾಗಿದ್ದರೆ ಬೇರೆ ಸೀಸೆ ಕೇಳುವ ಹಕ್ಕು ತಾಯಿಗಿದೆ. 2023ರ ಜನವರಿಯಿಂದ ಒಂಬತ್ತನೆಯ ತಿಂಗಳಿಗೆ ಮೂರನೆಯದೊಂದು ಚುಚ್ಚುಮದ್ದು ಸೇರಿದೆ. ಹಿರಿಯ ಮಗುವಿನ ಕಾರ್ಡನ್ನೇ ಮಾದರಿಯಾಗಿಟ್ಟುಕೊಂಡು ಕಿರಿಯದಕ್ಕೆ ಹಾಕಿಸುವವರು ಇದನ್ನು ವಿಶೇಷವಾಗಿ ವಿಚಾರಿಸಬೇಕು.