ಏಲಕ್ಕಿ ಮಲೆಗೆ ಇಲಿ ಪಾಷಾಣ ತರಬೇಡಿ

ಏಲಕ್ಕಿಗೆ ಕಟ್ಟೆ ರೋಗ ಬಂದರೆ ಊರೆಲ್ಲ ಮಾತಾಡುತ್ತದೆ. ಬೆಲೆ ಬಿದ್ದರೆ ಪೇಪರಿನಲ್ಲಿ ಬರುತ್ತದೆ. ಇಲಿ ತಿಂದರೆ ಮಾತ್ರ "ಇಲಿ ತಾನೆ, ವಿಷ ಇಟ್ಟರಾಯಿತು" ಅನ್ನುತ್ತಾರೆ. ಹಾಗೆ ಅಂದವರಲ್ಲಿ ನಮ್ಮ ಮನೆಯ ಹಿರಿಯರೊಬ್ಬರಿದ್ದರು, ಮೇಜಿನ ಆಚೆ ಕೂತ ಅಧಿಕಾರಿಯೊಬ್ಬರಿದ್ದರು. ಅವರಿಬ್ಬರ ಮಾತಿನಿಂದ ನಮ್ಮ ಮಲೆಯಲ್ಲಿ ಏನಾಗಿಹೋಗುತ್ತಿತ್ತು ಎಂಬುದನ್ನು ನೆನೆದರೆ ಈಗಲೂ ನನ್ನ ಕೈ ತಣ್ಣಗಾಗುತ್ತದೆ. ಇನ್ನೊಬ್ಬರ ಮಲೆಯಲ್ಲಿ ಅದು ಆಗದಿರಲಿ ಎಂದು ಬರೆಯುತ್ತಿದ್ದೇನೆ.

ನಮ್ಮದು ಸಕಲೇಶಪುರ ತಾಲ್ಲೂಕಿನ ಹೆತ್ತೂರು ಕಡೆ. ಮೇಲೆ ಕಾಫಿ, ಕೆಳಗೆ ಹಳ್ಳದ ಪಕ್ಕದ ತಂಪಿನಲ್ಲಿ ಏಲಕ್ಕಿ. ನಮ್ಮ ಕಡೆಯ ಮಲೆಗಳಲ್ಲಿ ಹೆಚ್ಚಾಗಿ ಇರುವುದು ಮಲಬಾರ್ ತಳಿ. ಮೈಸೂರು ತಳಿಯಲ್ಲಿ ಹೂಗೊಂಚಲು ನೆಟ್ಟಗೆ ನಿಲ್ಲುತ್ತದೆ, ವಳುಕ್ಕದಲ್ಲಿ ಅರ್ಧ ಬಾಗಿರುತ್ತದೆ. ಮಲಬಾರಿನದು ಬುಡದಿಂದ ಹೊರಟು ನೆಲದ ಮೇಲೇ ಹರಿಯುತ್ತದೆ. ಇಲಿಗೆ ಎಲೆ ಹಾಕಿ ಬಡಿಸಿಟ್ಟ ಹಾಗೆ. ಮರ ಹತ್ತುವ ಕಷ್ಟವಿಲ್ಲ, ಬಯಲಿಗೆ ಬರುವ ಭಯವಿಲ್ಲ, ತರಗೆಲೆಯ ಅಡಿಯಲ್ಲೇ ಓಡಾಡಿ ತಿನ್ನಬಹುದು.

ಅದು ತಿನ್ನುವುದೂ ಕಂಡಕಂಡದ್ದನ್ನಲ್ಲ. ಎಳೆಕಾಯಿಯ ಬೀಜ ಬೆಳ್ಳಗಿರುತ್ತದೆ, ಅದರ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಕಾಯಿ ಬಲಿತು ಬೀಜ ಕಪ್ಪಾದಾಗ ಬೀಜದ ಸುತ್ತ ತೆಳ್ಳಗೆ ಸಿಹಿಯಾದ ಲೋಳೆ ಬರುತ್ತದಲ್ಲ, ಅದು ಬೇಕು ಅದಕ್ಕೆ. ಅಂದರೆ ನಾವು ನಾಳೆ ಕೊಯ್ಯಬೇಕೆಂದಿದ್ದ ಕಾಯಿಯನ್ನೇ ಆರಿಸಿ ಇವತ್ತು ರಾತ್ರಿ ಒಯ್ಯುತ್ತದೆ. ಸುಮಾರು ಐದು ಕೆಜಿ ಹಸಿಕಾಯಿ ಒಣಗಿದರೆ ಒಂದು ಕೆಜಿ ಏಲಕ್ಕಿ. ಬುಡ ನೆಟ್ಟು ಮೂರನೆಯ ವರ್ಷಕ್ಕೆ ಫಸಲು ಶುರು. ಅಷ್ಟು ಕಾದು, ಅಷ್ಟು ಒಣಗಿಸಿ ಕೈಗೆ ಬರುವ ಬೆಳೆಗೆ ಇಲಿ ತಾನೆ ಎನ್ನುವವರ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ.

ಗುರುತು ಹಿಡಿಯುವುದು ಕಷ್ಟವಲ್ಲ. ಇಲಿ ಕಾಯಿಯನ್ನು ಕಚ್ಚಿಕೊಂಡು ಹೋಗಿ ಬಂಡೆಯ ಸಂದಿಯಲ್ಲೋ ಬಿದ್ದ ಮರದ ಅಡಿಯಲ್ಲೋ ಕೂತು ತಿನ್ನುತ್ತದೆ. ಅಲ್ಲಿ ಸೀಳಿದ ಸಿಪ್ಪೆ ಗುಡ್ಡೆ ಬಿದ್ದಿರುತ್ತದೆ. ಅಳಿಲು ಹಗಲಿನ ಪ್ರಾಣಿ, ದಿಮ್ಮಿಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಕೂತು ಸುಲಿಯುತ್ತದೆ. ಮಂಗ ಬಂದರೆ ದಂಟನ್ನೇ ಎಳೆದು ಒಳಗಿನ ಎಳೆಯ ತಿರುಳು ತಿಂದು ಎಸೆದಿರುತ್ತದೆ. ಕಾಡುಹಂದಿ ಬುಡ ಎಬ್ಬಿಸಿದರೆ ಮಣ್ಣಿನೊಳಗೆ ಬೇರುಹುಳ ಇದೆ ಎಂದು ತಿಳಿದುಕೊಳ್ಳಿ, ಅದು ಹುಡುಕಿದ್ದು ಹುಳವನ್ನು. ದಂಟಿನಲ್ಲಿ ತೂತು ಬಿದ್ದು ಹಿಟ್ಟಿನಂಥ ಹಿಕ್ಕೆ ಹೊರಬಂದಿದ್ದರೆ ಕಾಂಡಕೊರಕ. ಇವಕ್ಕೆಲ್ಲ ಬೇರೆ ಬೇರೆ ಮದ್ದು, ಅವನ್ನು ಇಲ್ಲಿ ಬರೆಯಲು ಹೋಗುವುದಿಲ್ಲ.

ಆ ವರ್ಷ ಸಿಪ್ಪೆಯ ಗುಡ್ಡೆಗಳು ಮಲೆ ತುಂಬ ಇದ್ದವು. ಕಾರಣ ನನಗೆ ಗೊತ್ತಿತ್ತು, ಜಗಲಿಯಲ್ಲಿ ಕೂತು ಹೇಳಿಯೂ ಇದ್ದೆ. ಆಗಸ್ಟಿನಿಂದ ಫೆಬ್ರವರಿಯವರೆಗೂ ಕಾಯಿ ಒಂದೇ ಸಲ ಬಲಿಯುವುದಿಲ್ಲ, ಒಂದೇ ಗೊಂಚಲಿನಲ್ಲೂ ಬುಡದ ಕಾಯಿ ಮೊದಲು, ತುದಿಯದು ಆಮೇಲೆ. ಹದಿನೈದು-ಇಪ್ಪತ್ತು ದಿನಕ್ಕೊಂದು ಕೊಯ್ಲು ಮಾಡಿದರೆ ಬಲಿತದ್ದು ನಮ್ಮ ಕುಕ್ಕೆಗೆ ಬರುತ್ತದೆ. ನಮ್ಮ ಭಾವನವರು, ಅಂದರೆ ಯಜಮಾನರ ಅಣ್ಣ, ಒಪ್ಪಲಿಲ್ಲ. ಅವರು ಪೇಟೆಯಲ್ಲಿರುವವರು, ಮಲೆಯಲ್ಲಿ ಅವರಿಗೂ ಪಾಲಿದೆ, ಲೆಕ್ಕ ಅವರ ಕೈಯಲ್ಲಿದೆ. ಕೂಲಿ ಉಳಿಸಬೇಕೆಂದು ಕೊಯ್ಲಿನ ನಡುವೆ ಒಂದೂವರೆ ತಿಂಗಳು ಬಿಡಿಸಿದರು. ಕೂಲಿಯೂ ದುಬಾರಿ, ಜನವೂ ಸಿಗುವುದಿಲ್ಲ, ಒಪ್ಪುತ್ತೇನೆ. ಆದರೆ ಬಲಿತ ಕಾಯಿಯನ್ನು ನೆಲದ ಮೇಲೆ ಒಂದು ತಿಂಗಳು ಇಲಿಗೆ ಬಿಟ್ಟು ಉಳಿಸಿದ ಕೂಲಿ ಯಾವ ಲೆಕ್ಕದ ಉಳಿತಾಯ?

ನಷ್ಟ ಕಣ್ಣಿಗೆ ಬಿದ್ದಾಗ ಭಾವನವರು ಪರಿಹಾರ ಕೇಳೋಣ ಎಂದರು. ಅರ್ಜಿ ಬರೆದುಕೊಂಡು ಇಬ್ಬರೂ ಕಚೇರಿಗೆ ಹೋದೆವು. ಸಿಪ್ಪೆಗಳನ್ನು ಒಂದು ಕವರಿನಲ್ಲಿ ತುಂಬಿಕೊಂಡು ಹೋಗಿದ್ದೆ, ಮೇಜಿನ ಮೇಲೆ ಸುರಿದೆ. ಅಧಿಕಾರಿ ಅದನ್ನು ಮುಟ್ಟಲಿಲ್ಲ. ಆನೆ, ಕಾಟಿ, ಹಂದಿ ಆದರೆ ಬರೆದುಕೊಳ್ಳಬಹುದು, ಇಲಿಗೆಲ್ಲ ಪರಿಹಾರ ಕೊಡುತ್ತಾ ಕೂತರೆ ಆಗುತ್ತದಾ ಎಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಅವರ ಬಗ್ಗೆ ಬರೆಯುತ್ತಿರಲಿಲ್ಲ, ನಿಯಮ ಅವರು ಮಾಡಿದ್ದಲ್ಲ. ನಾವು ಏಳುವಾಗ ಭಾವನವರ ಕಡೆ ತಿರುಗಿ, "ಪಾಷಾಣ ತಂದು ಬುಡಬುಡಕ್ಕೂ ಹಾಕಿಸಿ, ಒಂದೇ ರಾತ್ರಿಗೆ ಮುಗಿಯುತ್ತೆ" ಎಂದರು. ಎಷ್ಟು, ಹೇಗೆ, ಯಾವಾಗ, ಯಾರಿಗೆ ಹೇಳಿ ಎಂದು ಒಂದು ಮಾತಿಲ್ಲ. ಕೃಷಿ ಪುಸ್ತಕಗಳಲ್ಲಿ ಇದಕ್ಕೊಂದು ಕ್ರಮ ಬರೆದಿಟ್ಟಿದ್ದಾರೆ. ಆ ಕುರ್ಚಿಯಲ್ಲಿ ಕೂತವರಿಗೆ ಅದು ಗೊತ್ತಿರಬೇಕಿತ್ತು. ಭಾವನವರು ಕಚೇರಿಯಿಂದ ಸೀದಾ ಅಂಗಡಿಗೆ ಹೋಗಿದ್ದರು. ನನಗೆ ಅದು ತಿಳಿದದ್ದು ಆಮೇಲೆ.

ಉತ್ತರೆ ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಬೆಳಿಗ್ಗೆ ಕೊಯ್ಲಿಗೆ ಕೂಲಿ ಲೈನಿನ ಹೆಂಗಸರು ಇಳಿದಿದ್ದರು. ಅವರಲ್ಲಿ ಒಬ್ಬಳಿಗೆ ನಾಲ್ಕು ವರ್ಷದ ಮಗಳು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲ, ದಿನವೂ ಜೊತೆಗೆ ಬರುತ್ತಾಳೆ, ಕುಕ್ಕೆಯ ಪಕ್ಕ ಗೋಣಿಯ ಮೇಲೆ ಕೂತು ಆಡಿಕೊಂಡಿರುತ್ತಾಳೆ. ನಾನು ಇಂಬಳಕ್ಕೆ ಸುಣ್ಣ-ಹೊಗೆಸೊಪ್ಪು ಹಚ್ಚಿಕೊಂಡು ಹಿಂದೆ ಬರುತ್ತಿದ್ದೆ.

ಹಳ್ಳದ ಹತ್ತಿರ ನಮ್ಮ ನಾಯಿ ಕರಿಯ ನಿಂತಿತ್ತು. ನಿಂತಿತ್ತು ಎಂದರೆ ಮುಂಗಾಲಿನ ಮೇಲೆ, ಹಿಂಗಾಲು ನೆಲಕ್ಕೆ ಎಳೆದುಕೊಂಡಿತ್ತು. ವಾಂತಿ ಮಾಡಿಕೊಂಡಿತ್ತು. ಹತ್ತಿರ ಹೋದಾಗ ಬೆಳ್ಳುಳ್ಳಿಯ ವಾಸನೆ ಮೂಗಿಗೆ ಬಡಿಯಿತು. ಆ ಮಲೆಯಲ್ಲಿ ಬೆಳ್ಳುಳ್ಳಿ ಎಲ್ಲಿಂದ ಬರಬೇಕು? ಪಕ್ಕದ ಬುಡದ ಒಣಸೋಗೆ ಎತ್ತಿ ನೋಡಿದೆ. ಬಾಳೆಯೆಲೆಯ ಚೂರಿನ ಮೇಲೆ ಒಂದು ಹಿಡಿ ನುಚ್ಚಕ್ಕಿ. ಬೂದಿ ಮೆತ್ತಿದ ಹಾಗೆ ಕಪ್ಪು-ಬೂದು ಬಣ್ಣ. ಕೊಬ್ಬರಿ ಎಣ್ಣೆಯ ಜಿಡ್ಡು, ಒಣಮೀನಿನ ಪುಡಿ. ಮುಂದಿನ ಬುಡದಲ್ಲೂ ಅದೇ. ಅದರ ಮುಂದಿನದರಲ್ಲಿ ಎಲೆ ಖಾಲಿ.

ಯಾರೂ ಏನೂ ಮುಟ್ಟಬೇಡಿ ಎಂದು ಕಿರುಚಿದೆ. ಹೆಂಗಸರು ಆನೆ ಬಂತೆಂದು ಎದ್ದು ಓಡಿದರು. ಮಗು ಓಡಲಿಲ್ಲ. ಗೋಣಿಯ ಮೇಲೆ ಕೂತು ನನ್ನನ್ನೇ ನೋಡುತ್ತಿತ್ತು. ಅದರ ಬಲಗೈ ಮುಚ್ಚಿತ್ತು. ಮುಷ್ಟಿ ಬಿಡಿಸಲು ಹೋದರೆ ಇನ್ನೂ ಬಿಗಿಯಾಗಿ ಹಿಡಿಯಿತು. ಒಂದೊಂದೇ ಬೆರಳು ಎತ್ತಿದೆ. ಅಂಗೈಯ ಗೆರೆಗಳಲ್ಲಿ ಬೂದುಬಣ್ಣದ ಜಿಡ್ಡು ಕೂತಿತ್ತು, ಏಳೆಂಟು ಕಾಳು ನುಚ್ಚು ಅಂಟಿಕೊಂಡಿತ್ತು, ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಒಂದು ಕಾಳು. ತಾಯಿ ಬಂದು ಅದರ ಬಾಯೊಳಗೆ ಬೆರಳು ಹಾಕಿ ತಡವಿದಳು. ಏನೂ ಸಿಗಲಿಲ್ಲ. ಏನೂ ಸಿಗಲಿಲ್ಲವೆಂದರೆ ತಿಂದಿಲ್ಲವೋ, ನುಂಗಿಯಾಗಿದೆಯೋ? ತಿಂದೆಯಾ ಎಂದು ಕೇಳಿದರೆ ಮಗು ಅತ್ತಿತೇ ಹೊರತು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ತಾಯಿ ನನ್ನ ಮುಖ ನೋಡಿದಳು. ನಮ್ಮ ಮಲೆಯಲ್ಲಿ, ನಮ್ಮ ಮನೆಯವರು ಇಟ್ಟ ವಿಷ. ಅವಳಿಗೆ ಹೇಳಲು ನನ್ನ ಬಾಯಲ್ಲಿ ಒಂದು ಶಬ್ದವಿರಲಿಲ್ಲ.

ಹಳ್ಳದ ನೀರಿನಲ್ಲಿ ಕೈ ತೊಳೆದು, ನನ್ನ ಸೆರಗಿನಲ್ಲಿ ಒರೆಸಿ, ಜೀಪಿಗೆ ಹತ್ತಿಸಿದೆವು. ಒಬ್ಬಳು ಹಾಲು ಕುಡಿಸಿ ಎಂದಳು, ಇನ್ನೊಬ್ಬಳು ಹುಣಸೆನೀರು ಎಂದಳು. ಏನೂ ಕುಡಿಸಲು ನಾನು ಬಿಡಲಿಲ್ಲ. ಆಸ್ಪತ್ರೆಯ ಡಾಕ್ಟರು ಮೊದಲು ಕೇಳಿದ್ದೇ ಅದನ್ನು, ಬಾಯಿಗೆ ಏನಾದರೂ ಹುಯ್ದಿದ್ದೀರಾ ಎಂದು. ಪೊಟ್ಟಣ ತಂದಿದ್ದೀರಾ ಎಂದೂ ಕೇಳಿದರು. ಪೊಟ್ಟಣ ಭಾವನವರ ಜೇಬಿನಲ್ಲಿತ್ತು, ಅವರ ಫೋನು ಸ್ವಿಚ್ ಆಫ್. ಬಣ್ಣ, ವಾಸನೆ ಹೇಳಿದ ಮೇಲೆ ಜಿಂಕ್ ಫಾಸ್ಫೈಡ್ ಇರಬೇಕೆಂದರು. ಹೊಟ್ಟೆಯ ಆಮ್ಲ ಸೇರಿದರೆ ಅದು ಫಾಸ್ಫೀನ್ ಎಂಬ ವಿಷಾನಿಲವಾಗುತ್ತದೆ, ಅದಕ್ಕೆ ಪ್ರತಿವಿಷವೇ ಇಲ್ಲ, ಉಸಿರು-ಹೃದಯ ನೋಡಿಕೊಳ್ಳುವುದಷ್ಟೇ ಚಿಕಿತ್ಸೆ ಎಂದು ತಾಯಿಗೆ ಕೇಳಿಸದ ಹಾಗೆ ನನಗೆ ಹೇಳಿದರು. ರಾತ್ರಿಯೆಲ್ಲ ಮಗುವಿನ ಎದೆ ಏರುವುದು ಇಳಿಯುವುದು ನೋಡುತ್ತಾ ಆ ಬೆಂಚಿನ ಮೇಲೆ ಕೂತಿದ್ದೆ. ತಾಯಿ ಮಂಚದ ಕಂಬಿಯನ್ನು ಹಿಡಿದ ಕೈ ಬಿಡಲಿಲ್ಲ. ಬೆಳಗಿನ ಹೊತ್ತಿಗೆ ಮಗು ಎದ್ದು ಬನ್ನು ಕೇಳಿತು. ತಿಂದಿರಲಿಲ್ಲ. ಡಾಕ್ಟರು ಇನ್ನೂ ಒಂದು ದಿನ ಇಟ್ಟುಕೊಂಡೇ ಕಳಿಸಿದರು.

ಕರಿಯ ಆ ದಿನ ಮಧ್ಯಾಹ್ನಕ್ಕೆ ಮುಂಚೆಯೇ ಸತ್ತಿತ್ತು. ಹಳ್ಳದ ಆಚೆ ಕಾಡುಕೋಳಿಗಳೂ ಸತ್ತು ಬಿದ್ದಿದ್ದವು. ಒದ್ದೆ ಕಾಯಿಗೆ ನುಚ್ಚು ಅಂಟಿದ್ದು ಕಂಡದ್ದರಿಂದ ಅಂದು ಕೊಯ್ದ ಕಾಯಿಯನ್ನೆಲ್ಲ ಗುಂಡಿ ತೆಗೆದು ಹುಗಿಸಿದೆ. ಭಾವನವರು ಮಾರನೆಯ ದಿನ ಬಂದು, "ಮಗುವನ್ನು ಮಲೆಗೆ ಯಾಕೆ ಕರೆದುಕೊಂಡು ಬರಬೇಕಿತ್ತು?" ಎಂದು ಕೇಳಿದರು. ಇವತ್ತಿಗೂ ಅದನ್ನೇ ಕೇಳುತ್ತಾರೆ. ನನ್ನ ಪ್ರಶ್ನೆ ಬೇರೆ: ವಿಷ ಇಟ್ಟಿದ್ದೇನೆಂದು ಒಂದು ಮಾತು ಹೇಳಲು ಅವರಿಗೆ ಏನಾಗಿತ್ತು?

ಇಷ್ಟಾಗಿಯೂ ಇಲಿ ಕಡಿಮೆಯಾಗಲಿಲ್ಲ. ಒಂದು ವಾರದೊಳಗೆ ಬಂಡೆಯ ಸಂದಿಯಲ್ಲಿ ಹೊಸ ಸಿಪ್ಪೆ ಬಿದ್ದಿತ್ತು. ಇಲಿ ಹೊಸ ತಿಂಡಿಯನ್ನು ನಂಬುವುದಿಲ್ಲ, ಸ್ವಲ್ಪ ಕಚ್ಚಿ ನೋಡುತ್ತದೆ. ಹೊಟ್ಟೆ ಕೆಟ್ಟು ಬದುಕಿಕೊಂಡ ಇಲಿ ಆಮೇಲೆ ಆ ತಿಂಡಿಯ ಹತ್ತಿರ ಸುಳಿಯುವುದಿಲ್ಲ. ಅದಕ್ಕೇ ಮೊದಲು ಎರಡು ಮೂರು ದಿನ ವಿಷವಿಲ್ಲದ ನುಚ್ಚು ಇಟ್ಟು ರುಚಿ ಹಿಡಿಸಿ, ಆಮೇಲೆ ನೂರಕ್ಕೆ ಎರಡು ಪಾಲು ಮಾತ್ರ ಪಾಷಾಣ ಬೆರೆಸಿ, ಬಿಲದೊಳಗೆ ಇಟ್ಟು ಬಾಯಿ ಮುಚ್ಚಿ, ಉಳಿದದ್ದನ್ನು ಎತ್ತಿ ಹುಗಿಯಬೇಕು ಎನ್ನುತ್ತಾರೆ. ಕಾಡಿನಂಥ ಮಲೆಯಲ್ಲಿ ಇದನ್ನೆಲ್ಲ ಚಾಚೂ ತಪ್ಪದೆ ಮಾಡುವವರು ಯಾರು? ಬ್ರೋಮಾಡಿಯೋಲೋನ್ ಬಿಲ್ಲೆ ನಿಧಾನ ವಿಷ, ಅದಕ್ಕೆ ಪ್ರತಿಮದ್ದಾಗಿ ವಿಟಮಿನ್ ಕೆ ಉಂಟು, ನಿಜ. ಆದರೆ ಆ ಇಲಿಯನ್ನು ತಿಂದ ಗೂಬೆಗೂ ನಾಯಿಗೂ ವಿಷ ಏರುತ್ತದೆ. ಇಲಿ ಹಿಡಿಯುವ ಗೂಬೆಯನ್ನು ನಾವೇ ಕೊಂದು ಇಲಿ ಹೆಚ್ಚಾಯಿತೆಂದು ಅಳುವುದರಲ್ಲಿ ಅರ್ಥವಿಲ್ಲ.

ಈಗ ಕೊಯ್ಲಿನ ಲೆಕ್ಕ ನನ್ನ ಕೈಯಲ್ಲಿದೆ. ಇಪ್ಪತ್ತು ದಿನ ದಾಟಲು ಬಿಡುವುದಿಲ್ಲ. ಜನ ಕಡಿಮೆ ಬಂದರೆ ಹಳ್ಳದ ಪಕ್ಕ ಮತ್ತು ಬಂಡೆಯ ಬದಿಯ ಬುಡಗಳನ್ನಾದರೂ ಮೊದಲು ಮುಗಿಸುತ್ತೇವೆ, ಇಲಿ ಹೆಚ್ಚು ಅಲ್ಲೇ. ಬೇಸಿಗೆಯಲ್ಲಿ ಬುಡಕ್ಕೆ ತರಗು ಹೊದಿಸುವುದು ತಪ್ಪಿಸಲಾಗದು, ಇಲ್ಲದಿದ್ದರೆ ಬುಡ ಒಣಗುತ್ತದೆ. ಮೇ ತಿಂಗಳ ಮಳೆ ಬಿದ್ದೊಡನೆ ಆ ತರಗನ್ನು ಬುಡದಿಂದ ಸರಿಸಿ ಸಾಲಿನ ನಡುವೆ ಹಾಕುತ್ತೇವೆ, ಒಣಸೋಗೆ ಸವರುತ್ತೇವೆ. ಇಲಿಗೆ ಮರೆ ತಪ್ಪುತ್ತದೆ, ಜೇನುನೊಣಕ್ಕೆ ಹೂವು ಸಿಗುತ್ತದೆ. ಜೇನಿಲ್ಲದೆ ಏಲಕ್ಕಿ ಕಾಯಿಕಟ್ಟುವುದಿಲ್ಲವೆಂಬುದು ನಿಮಗೂ ಗೊತ್ತು. ಬಿದಿರಿನ ಬೋನುಗಳಿಗೆ ಸುಟ್ಟ ಕೊಬ್ಬರಿ ಸಿಕ್ಕಿಸಿ ಸಂಜೆ ಇಡುತ್ತೇವೆ, ಬೆಳಿಗ್ಗೆ ಬೆಳಕಾಗುತ್ತಿದ್ದಂತೆ ಮುಚ್ಚುತ್ತೇವೆ. ಹಗಲು ತೆರೆದಿಟ್ಟರೆ ಬೀಳುವುದು ಅಳಿಲು. ಕೇರೆಹಾವನ್ನು ಹೊಡೆಯಬಾರದೆಂದು ಆಳುಗಳಿಗೆ ಹೇಳಿದ್ದೇನೆ. ಇಲಿ ಪೂರ್ತಿ ಹೋಗಿಲ್ಲ, ಹೋಗುವುದೂ ಇಲ್ಲ. ಸಿಪ್ಪೆಯ ಗುಡ್ಡೆಗಳು ಮಾತ್ರ ಮೊದಲಿನಷ್ಟು ಕಾಣುವುದಿಲ್ಲ.

ಅಧಿಕಾರಿಗಳಲ್ಲಿ ನನ್ನದೊಂದು ಕೇಳಿಕೆ. ಪರಿಹಾರ ಕೊಡಲಾಗದಿದ್ದರೆ ಬೇಡ, ಆದರೆ ಎದ್ದುಹೋಗುವವರ ಬೆನ್ನಿಗೆ ವಿಷದ ಸಲಹೆ ಎಸೆಯಬೇಡಿ. ಬೆಳೆಗಾರರಲ್ಲಿ ಇನ್ನೊಂದು. ನನ್ನ ಮಾತು ಮೀರಿ ಪಾಷಾಣ ಇಡಲೇಬೇಕೆಂದು ತೀರ್ಮಾನಿಸಿದರೆ, ಹಿಂದಿನ ದಿನವೇ ಲೈನಿಗೆ ಹೋಗಿ, ಅವರಿಗೆ ತಿಳಿಯುವ ಭಾಷೆಯಲ್ಲಿ, ಎಲ್ಲೆಲ್ಲಿ ಇಡುತ್ತೀರೆಂದು ಹೇಳಿ, ಕರೆದುಕೊಂಡು ಹೋಗಿ ತೋರಿಸಿ. ಪೊಟ್ಟಣ ಎಸೆಯಬೇಡಿ, ಡಾಕ್ಟರಿಗೆ ಅದೇ ಬೇಕಾಗುತ್ತದೆ. ಇಟ್ಟದ್ದನ್ನೆಲ್ಲ ಎತ್ತಿ ಮುಗಿಯುವವರೆಗೂ ಆ ಮಲೆಯಲ್ಲಿ ಕೊಯ್ಲು ಮಾಡಿಸಬೇಡಿ.