ಹಳೆ ಯೆಜ್ಡಿ ಮುನಿಸಿಕೊಂಡಾಗ: ರಿಪೇರಿ ಗೆಲ್ಲಲು ಏಳು ಸೂತ್ರ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ 6 ವೋಲ್ಟಿನ ಜಾವಾ, ಯೆಜ್ಡಿ ಬೈಕ್ ಇಟ್ಟುಕೊಂಡವರಿಗೆ ಈ ಮಾತು. ಗಾಡಿ ಕೈಕೊಟ್ಟ ಕೂಡಲೇ ಪಾರ್ಟ್ಸ್ ಅಂಗಡಿಗೆ ಓಡಬೇಡಿ. ಮೊದಲು ಕಾರಣ ಹುಡುಕಿ.

1. ಬ್ಯಾಟರಿಯಿಂದ ಶುರುಮಾಡಿ. ಚಾರ್ಜ್ ಇರುವ ಬ್ಯಾಟರಿ ಮಲ್ಟಿಮೀಟರಿನಲ್ಲಿ 6.3 ವೋಲ್ಟಿನ ಆಸುಪಾಸು ತೋರಿಸಬೇಕು. ಎಂಜಿನ್ ರೇಸ್ ಮಾಡಿದಾಗ 7ರ ಹತ್ತಿರಕ್ಕೆ ಏರಬೇಕು. ಏರದಿದ್ದರೆ ಡೈನಮೋ ಬ್ರಷ್, ರೆಗ್ಯುಲೇಟರ್ ನೋಡಿ.

2. ಅರ್ತ್ ನಂಬಬೇಡಿ, ಅಳೆಯಿರಿ. ನನ್ನ ಗಾಡಿಯಲ್ಲಿ ಹೆಡ್‌ಲೈಟ್ ಹಾಕಿದರೆ ಹಾರ್ನ್ ಸದ್ದು ಕುಗ್ಗುತ್ತಿತ್ತು, ಎಂಜಿನ್ ಮಿಸ್ ಹೊಡೆಯುತ್ತಿತ್ತು. ಕಾಯಿಲ್ ಬದಲಾಯಿತು, ಕಂಡೆನ್ಸರ್ ಬದಲಾಯಿತು. ಕೊನೆಗೆ ಸೀಟಿನಡಿಯ ಅರ್ತ್ ನಟ್ಟು ಬಿಚ್ಚಿದರೆ ಅದರ ಕೆಳಗೆ ಹೊಸ ಪೇಂಟು, ತಾಮ್ರದ ತುದಿಯಲ್ಲಿ ಹಸಿರು ಕಿಲುಬು! ಲೋಹ ಹೊಳೆಯುವ ತನಕ ಎಮೆರಿ ಕಾಗದದಲ್ಲಿ ಉಜ್ಜಿ, ನಟ್ಟು ಬಿಗಿದು, ಮೇಲೆ ಚೂರು ಗ್ರೀಸ್ ಸವರಿದೆ. ಗಾಡಿ ಸರಿಹೋಯಿತು. 6 ವೋಲ್ಟಿನಲ್ಲಿ ಅರ್ಧ ವೋಲ್ಟ್ ಹೋದರೂ ದೊಡ್ಡ ನಷ್ಟ. ಲೈಟ್ ಹಾಕಿ, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಅರ್ತ್ ತುದಿಗೂ ಇನ್ನೊಂದನ್ನು ಎಂಜಿನ್ ಮೈಗೂ ಹಿಡಿಯಿರಿ. ಸೊನ್ನೆಯ ಹತ್ತಿರ ಇರಬೇಕು.

3. ಫ್ಯೂಸ್ ಪದೇಪದೇ ಹೋದರೆ ದಪ್ಪ ತಂತಿ ಸುತ್ತಬೇಡಿ, ವೈರಿಂಗ್ ಸುಡುತ್ತದೆ. ಹ್ಯಾಂಡಲ್ ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿ. ಹೆಡ್‌ಲೈಟ್ ಹಿಂದೆ ವೈರು ಉಜ್ಜಿ ಸಿಪ್ಪೆ ಸುಲಿದಿರುವುದೇ ಹೆಚ್ಚು.

4. ಪಾಯಿಂಟ್ ಗ್ಯಾಪನ್ನು ಫೀಲರ್ ಗೇಜಿನಲ್ಲಿ 0.4 ಮಿ.ಮೀ. ಇಡಿ, ಕಣ್ಣಳತೆ ಬೇಡ. ಪಾಯಿಂಟಿನಲ್ಲೇ ಜೋರಾಗಿ ಕಿಡಿ ಹಾರುತ್ತಿದ್ದರೆ ಕಂಡೆನ್ಸರ್ ಮೇಲೆ ಅನುಮಾನ ಪಡಿ.

5. ಸ್ಟಾರ್ಟ್ ಆಗುತ್ತದೆ, ಆದರೆ ಏರಿನಲ್ಲಿ ಎಳೆಯುವುದಿಲ್ಲವೇ? ಕರೆಂಟನ್ನು ದೂರದೆ ಸೈಲೆನ್ಸರ್ ನೋಡಿ. ಪೆಟ್ರೋಲಿನ ಜೊತೆ ಉರಿದ ಆಯಿಲ್ ಅಲ್ಲಿ ಕಪ್ಪಾಗಿ, ಅಂಟಂಟಾಗಿ ಕಟ್ಟಿಕೊಂಡು ದಾರಿ ಮುಚ್ಚುತ್ತದೆ. ಈ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಸಿಲಿಂಡರ್ ಒಂದೇ ಆದರೂ ಸೈಲೆನ್ಸರ್ ಎರಡು. ಹಾಗಾಗಿ ಹೋಲಿಸುವುದು ಸುಲಭ. ಒಂದಿಷ್ಟು ದೂರದಲ್ಲಿ ಅಂಗೈ ಹಿಡಿದರೆ ಯಾವ ಕಡೆ ಹೊಗೆಯ ರಭಸ ಕಡಿಮೆ ಎಂದು ತಿಳಿಯುತ್ತದೆ. ಒಳಗಿನ ಬ್ಯಾಫಲ್ ಹೊರತೆಗೆದು ಕಾಸ್ಟಿಕ್ ಸೋಡಾ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ. ಕೈಗವಸು, ಕನ್ನಡಕ ಕಡ್ಡಾಯ. ಅಲ್ಯೂಮಿನಿಯಂ ಭಾಗಗಳಿಗೆ ಆ ನೀರು ತಾಕಬಾರದು. ಸಿಲಿಂಡರಿನ ಎಕ್ಸಾಸ್ಟ್ ಬಾಯಿಯಲ್ಲಿ ಕಟ್ಟಿದ ಕರಿಯನ್ನು ಪಿಸ್ಟನ್ ಕೆಳಗಿರುವಾಗ ಮರದ ಕಡ್ಡಿಯಿಂದಲೇ ಕೆರೆಯಿರಿ. ಸದ್ದಿನ ಆಸೆಗೆ ಬ್ಯಾಫಲ್ ತೆಗೆದು ಓಡಿಸುವುದು ತಪ್ಪು. ಟೂ ಸ್ಟ್ರೋಕ್ ಎಂಜಿನ್ನಿಗೆ ಸೈಲೆನ್ಸರಿನಿಂದ ಮರಳುವ ಒತ್ತಡದ ಅಲೆ ಬೇಕೇ ಬೇಕು.

6. ಎಕ್ಸಾಸ್ಟ್ ಪೈಪ್ ಸಿಲಿಂಡರಿಗೆ ಸೇರುವಲ್ಲಿ ಕಪ್ಪು ಎಣ್ಣೆ ಒಸರುತ್ತಿದ್ದರೆ ಪ್ಯಾಕಿಂಗ್ ಹೊಸದು ಹಾಕಿ. ಸ್ವಲ್ಪ ದೂರ ಓಡಿಸಿ ನಟ್ಟನ್ನು ಮತ್ತೊಮ್ಮೆ ಬಿಗಿ ಮಾಡಿ.

7. ಹೊಗೆ ವಿಪರೀತ, ಜೊತೆಗೆ ಗೇರ್ ಆಯಿಲ್ ಮಟ್ಟವೂ ಇಳಿಯುತ್ತಿದೆಯೇ? ಕ್ರ್ಯಾಂಕಿನ ಆಯಿಲ್ ಸೀಲ್ ಹೋಗಿ, ಎಂಜಿನ್ ಗೇರ್ ಆಯಿಲನ್ನು ಹೀರುತ್ತಿದೆ. ಇದನ್ನು ಮಾತ್ರ ಅನುಭವಿ ಮೆಕ್ಯಾನಿಕ್ ಕೈಗೆ ಒಪ್ಪಿಸಿ.

ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಆ ಕಾಲದ ಅಸಲಿ ಕಾಯಿಲ್, ಡೈನಮೋ ನಿಮ್ಮ ಗಾಡಿಯಲ್ಲಿ ಇನ್ನೂ ಇದ್ದರೆ ದಯವಿಟ್ಟು ಅಳೆದು ನೋಡದೆ ಗುಜರಿಗೆ ಹಾಕಬೇಡಿ.